ಹಿತ್ತಲ ಕೋಳಿಯ ಹೊಟ್ಟೆಹುಳು ಸರಕಾರದ ಲೆಕ್ಕಕ್ಕಿಲ್ಲವೆ?

ಮಳೆ ಹಿಡಿಯಿತೆಂದರೆ ಕಲಘಟಗಿ, ಅಳ್ನಾವರದ ಕಡೆಯ ಹಳ್ಳಿಗಳಲ್ಲಿ ಕೋಳಿಮರಿಗಳು ಸೊರಗತೊಡಗುತ್ತವೆ. ರೆಕ್ಕೆ ಜೋತುಬೀಳುತ್ತದೆ, ಜುಟ್ಟು ಬಿಳಿಚುತ್ತದೆ, ಎದೆಯ ಎಲುಬು ಕೈಗೆ ಹತ್ತುತ್ತದೆ. ಮನೆಯವರು ಗಾಳಿ ಸೋಕಿತೆಂದು ತಿಳಿದು, ಸಂತೆಯಲ್ಲಿ ಬಂದಷ್ಟಕ್ಕೆ ಮಾರಿ ಬರುತ್ತಾರೆ. ಎಷ್ಟೋ ಸಲ ಇದು ಕರುಳಿನ ಹುಳುಗಳ ಕೆಲಸ.

ದುಂಡುಹುಳುವಿನ ತತ್ತಿ ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಹಸಿಯಾದ ಬೆಚ್ಚಗಿನ ಮಣ್ಣಿನಲ್ಲಿ ಎರಡು ಮೂರು ವಾರಕ್ಕೆ ಬಲಿಯುತ್ತದೆ. ಅದನ್ನು ಕೆದರಿ ತಿಂದ ಮರಿಯ ಹೊಟ್ಟೆಯಲ್ಲಿ ಮೂರು ನಾಲ್ಕು ಅಂಗುಲದ ಹುಳುಗಳಾಗುತ್ತವೆ; ವಿಪರೀತವಾದರೆ ಕರುಳೇ ಕಟ್ಟಿ ಮರಿ ಸಾಯುತ್ತದೆ. ಮೂರು ತಿಂಗಳೊಳಗಿನ ಮರಿಗಳಿಗೆ ಇದರ ಕಾಟ ಹೆಚ್ಚು. ಲಾಡಿಹುಳು ಬರುವುದು ಇರುವೆ, ನೊಣ, ಸಗಣಿಹುಳಗಳ ಮೂಲಕ. ದುಂಡುಹುಳುವಿಗೆ ಕೊಡುವ ಪಿಪರಜಿನ್ ಲಾಡಿಹುಳುವಿಗೆ ನಾಟದು. ಯಾವ ಹುಳುವೆಂದು ತಿಳಿಯದೆ ಅಂಗಡಿಯವನು ಕೊಟ್ಟ ಬಾಟಲಿಯನ್ನು ನೀರಿಗೆ ಸುರಿದರೆ ಹಣ ಹೋಯಿತು, ಹುಳು ಉಳಿಯಿತು.

ಪಂಜರದಲ್ಲಿ ಸಾವಿರಗಟ್ಟಲೆ ಕೋಳಿ ಸಾಕುವ ಬಂಡವಳಿಗನಿಗೆ ಈ ಚಿಂತೆ ಅಷ್ಟಿಲ್ಲ. ಅವನ ಕೋಳಿ ಮಣ್ಣು ಕೆದರುವುದಿಲ್ಲ. ಕೆದರಿದರೂ ವೈದ್ಯನನ್ನು ಕರೆಸುವ ಶಕ್ತಿ ಅವನಿಗುಂಟು. ಆದರೆ 2019ರ ಜಾನುವಾರು ಗಣತಿಯಂತೆ ದೇಶದ ಸುಮಾರು 85 ಕೋಟಿ ಕೋಳಿ-ಬಾತುಗಳಲ್ಲಿ 31 ಕೋಟಿಗೂ ಮಿಕ್ಕಿದವು ಹಿತ್ತಲಿನವು. ಇವುಗಳ ಒಡತಿಯರು ಬಹುತೇಕ ಕೂಲಿಯ ಹೆಣ್ಣುಮಕ್ಕಳು. ಎರಡು ಹೇಂಟೆಗಳನ್ನು ಬಗಲಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋದರೆ ನಕ್ಕಾರೆಂಬ ಅಂಜಿಕೆ ಇವರದು.

ಭೂಮಿ, ಕೂಲಿ, ಬೆಲೆಗಳ ಹೋರಾಟವಿರುವಾಗ ಕೋಳಿಯ ಹುಳುವೇಕೆ ಎಂದು ನಮ್ಮ ಸಂಗಾತಿಗಳಲ್ಲೇ ಕೆಲವರು ಕೇಳಬಹುದು. ಗಂಡನನ್ನೂ ಸಾಹುಕಾರನನ್ನೂ ಕೇಳದೆ ಹೆಣ್ಣುಮಗಳು ಖರ್ಚು ಮಾಡಬಲ್ಲ ರೊಕ್ಕ ಈ ತತ್ತಿಯದೊಂದೇ ಎಂಬುದನ್ನು ಅವರು ಮರೆತಿದ್ದಾರೆ.

ಮರಿ ಹಂಚುವ ಯೋಜನೆಗಳು ಬರುತ್ತವೆ, ಬುಟ್ಟಿ ಕೊಡುವ ಮಂತ್ರಿಮಹಾಶಯರ ಚಿತ್ರವೂ ಅಚ್ಚಾಗುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜು ಬೆಳೆಸಿದ ಗಿರಿರಾಜದಂಥ ಒಳ್ಳೆಯ ತಳಿಯನ್ನೇ ಕೊಟ್ಟರೂ, ಹಳೆಯ ಕೋಳಿಗಳು ಹೇತ ನೆಲದಲ್ಲಿ ಬಿಟ್ಟರೆ ಅದೂ ಸೊರಗುತ್ತದೆ. ಮರಿಗಳನ್ನು ದೊಡ್ಡವುಗಳಿಂದ ಬೇರೆ, ಬಿಸಿಲು ಬೀಳುವ ಒಣ ಜಾಗದಲ್ಲಿ ಸಾಕಬೇಕೆಂದು ಬುಟ್ಟಿಯೊಡನೆ ಯಾರಾದರೂ ಹೇಳಬೇಡವೆ? ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಅದರ ಕೃಷಿಮೇಳದಲ್ಲಿ ಸತ್ತ ಕೋಳಿಯೊಂದರ ಕರುಳು ಸೀಳಿ ತೋರಿಸಲಿ. ಹತ್ತು ಭಾಷಣಗಳಿಗಿಂತ ಅದನ್ನು ನೋಡಲು ಜನ ಮುಗಿಬಿದ್ದಾರು.

ಪ್ರತಿ ಪಶು ದವಾಖಾನೆಯಲ್ಲಿ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹುಳು ಗುರುತಿಸಬೇಕು. ಎಂಟು ಹತ್ತು ಕೋಳಿಗೆ ಸಾಲುವಷ್ಟು ಔಷಧವನ್ನು ಬಿಟ್ಟಿಯಾಗಿ ಕೊಡಬೇಕು. ಔಷಧ ಕೊಟ್ಟ ಮೇಲೆ ಎಷ್ಟು ದಿನ ತತ್ತಿ ತಿನ್ನಬಾರದೆಂದು ಕನ್ನಡದಲ್ಲಿ ಬರೆದುಕೊಡಬೇಕು. ಜಿಲ್ಲಾ ಪಂಚಾಯತಿಯು ಇದನ್ನು ಮುಂಗಾರು ಮುಗಿದ ಮೇಲಲ್ಲ, ಮೊದಲೇ ಮಾಡಬೇಕೆಂದು ನಾವು ಒತ್ತಾಯಿಸುತ್ತೇವೆ.