ತಕ್ಕಡಿ ಹಿಡಿದವನ ಪಾಲು

ಪ್ರಜಾಪ್ರಭುತ್ವದಲ್ಲಿ ಸಂಶಯವೆಂಬುದು ದೋಷವಲ್ಲ. ಒಂದು ಮಟ್ಟಿಗೆ ಅದು ಪ್ರಜೆಯ ಕರ್ತವ್ಯವೇ ಸರಿ. ಆಳುವವರ ಮಾತಿಗೆಲ್ಲ ತಲೆದೂಗುವ ಜನಕ್ಕಿಂತ, ‘ಇದರಿಂದ ಯಾರಿಗೆ ಲಾಭ?’ ಎಂದು ಕೇಳುವ ಜನ ಮೇಲು. ಆದರೆ ಸಂಶಯಕ್ಕೂ ಒಂದು ಶಿಸ್ತು ಬೇಕು. ಶಿಸ್ತಿಲ್ಲದ ಸಂಶಯ ಕಳ್ಳನನ್ನು ಬಿಟ್ಟು ಅವನ ನೆರಳನ್ನು ಅಟ್ಟಿಕೊಂಡು ಹೋಗುತ್ತದೆ. 2010ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಾರುಗಳ ವಿಷಯವಾಗಿ ಎದ್ದ ಗದ್ದಲವನ್ನೂ, ನಾಲ್ಕು ವರ್ಷಗಳ ತರುವಾಯ ಅಲ್ಲಿಯೇ ಹೊರಬಿದ್ದ ಜನರಲ್ ಮೋಟಾರ್ಸ್ ಹಗರಣವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಮಾತಿನ ಅರ್ಥ ತಿಳಿಯುತ್ತದೆ.

ಮಾರಿದ ಕಾರಿನಲ್ಲಿ ಪ್ರಾಣಾಪಾಯದ ದೋಷವೇನಾದರೂ ಕಂಡುಬಂದರೆ ತಯಾರಕನು ಅದನ್ನು ಕೊಂಡವರಿಗೆ ತಿಳಿಸಲೇಬೇಕೆಂದು ಅಮೆರಿಕದ 1966ರ ಶಾಸನ ವಿಧಿಸಿತು. 1974ರ ತಿದ್ದುಪಡಿ, ಅದನ್ನು ಉಚಿತವಾಗಿ ಸರಿಪಡಿಸಿಕೊಡಬೇಕೆಂದೂ ಸೇರಿಸಿತು. ಇದೇ ‘ರೀಕಾಲ್’, ಕಾರುಗಳನ್ನು ಹಿಂದಕ್ಕೆ ಕರೆಸಿ ದುರಸ್ತಿ ಮಾಡುವ ಕ್ರಮ. ತಯಾರಕರು ಈ ಶಾಸನವನ್ನು ಪಾಲಿಸುತ್ತಾರೋ ಇಲ್ಲವೋ ಎಂದು ಕಾಯುವುದಕ್ಕೆ ಸಾರಿಗೆ ಇಲಾಖೆಯ ಕೈಕೆಳಗೆ ಹೆದ್ದಾರಿ ಸುರಕ್ಷತೆಯ ಕಚೇರಿಯೊಂದಿದೆ.

2009ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ಬಳಿ ಟೊಯೋಟಾ ಕಂಪನಿಯದೇ ಆದ ಲೆಕ್ಸಸ್ ಕಾರೊಂದು ಹತೋಟಿ ತಪ್ಪಿ ಓಡಿ, ಒಳಗಿದ್ದ ನಾಲ್ವರೂ ಸತ್ತರು. ಬೇರೊಂದು ಮಾದರಿಯ ಕಾರಿಗೆ ಹಾಕಬೇಕಾದ ಮ್ಯಾಟು ಇದರೊಳಗಿತ್ತು. ಆಕ್ಸಿಲರೇಟರ್ ಪೆಡಲು ಅದಕ್ಕೆ ಸಿಕ್ಕಿಕೊಂಡಿತ್ತು. ಮುಂದಿನ ತಿಂಗಳು ಟೊಯೋಟಾ ಮ್ಯಾಟಿನ ಕಾರಣದಿಂದ ಸುಮಾರು 38 ಲಕ್ಷ ಕಾರುಗಳ ರೀಕಾಲ್ ಪ್ರಕಟಿಸಿತು. 2010ರ ಜನವರಿಯಲ್ಲಿ, ಒತ್ತಿದ ಪೆಡಲು ಮೇಲೇಳದೆ ನಿಲ್ಲಬಹುದೆಂಬ ಬೇರೆ ದೋಷಕ್ಕಾಗಿ ಇನ್ನೂ 23 ಲಕ್ಷ ಕಾರುಗಳನ್ನು ಕರೆಸಿತು.

ಇಲ್ಲಿಗೆ ಇದು ಯಂತ್ರದ ಕಥೆ. ಸಂಶಯದ ಕಥೆ ಹುಟ್ಟಿದ್ದು ಇನ್ನೊಂದು ಕಡೆಯಿಂದ. 2009ರ ಜೂನ್‌ನಲ್ಲಿ ಜನರಲ್ ಮೋಟಾರ್ಸ್ ದಿವಾಳಿಯಾಗಿತ್ತು. ಸರ್ಕಾರ ಸುಮಾರು 5,000 ಕೋಟಿ ಡಾಲರ್ ಸುರಿದು ಅದನ್ನು ಉಳಿಸಿತು. ಪ್ರತಿಯಾಗಿ ನೂರಕ್ಕೆ 61ರಷ್ಟು ಪಾಲು ಪಡೆಯಿತು. ಹೀಗಾಗಿ ಟೊಯೋಟಾದ ತಪ್ಪು ಒಪ್ಪುಗಳನ್ನು ತೂಗುವ ಸರ್ಕಾರವೇ ಟೊಯೋಟಾದ ಪ್ರತಿಸ್ಪರ್ಧಿಯ ಒಡೆಯನಾಯಿತು. ತಕ್ಕಡಿ ಹಿಡಿದವನಿಗೆ ಎದುರಿನ ಅಂಗಡಿಯಲ್ಲಿ ಪಾಲಿದ್ದರೆ ತೂಕವನ್ನು ನಂಬುವವರು ಯಾರು? 2010ರ ಫೆಬ್ರವರಿ 3ರಂದು ಸಾರಿಗೆ ಸಚಿವ ರೇ ಲಹೂಡ್ ಅವರು, ಈ ಕಾರುಗಳನ್ನು ಓಡಿಸುವುದನ್ನೇ ನಿಲ್ಲಿಸಿರೆಂದು ಸಂಸತ್ತಿನ ಸಮಿತಿಯೆದುರು ಹೇಳಿಬಿಟ್ಟರು. ಅದೇ ದಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಆದರೆ ಆಡಿದ ಮಾತು, ಒಡೆದ ಮುತ್ತು. ಪರದೇಶದ ಕಂಪನಿಯನ್ನು ಕೆಡವಿ ತಮ್ಮದನ್ನು ಮೇಲೆತ್ತುವ ಹೂಟವಿದು ಎಂದು ಅನೇಕರು ನಿಶ್ಚಯಿಸಿದರು.

ಈ ನಂಬಿಕೆಗೆ ನೀರೆರೆದವರು ಪತ್ರಕರ್ತರು. ಅದೇ ತಿಂಗಳ 22ರಂದು ಎಬಿಸಿ ದೂರದರ್ಶನ ಸಂಸ್ಥೆ, ಟೊಯೋಟಾ ಕಾರು ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುವ ಪ್ರಯೋಗವೊಂದನ್ನು ತೋರಿಸಿತು. ಇಂಜಿನ್ನಿನ ಗತಿಯನ್ನು ಸೂಚಿಸುವ ಮುಳ್ಳು ಥಟ್ಟನೆ ಮೇಲೇರುವ ದೃಶ್ಯ ನೋಡಿದವರ ಎದೆ ನಡುಗಿಸುವಂತಿತ್ತು. ಆ ದೃಶ್ಯವನ್ನು ತೆಗೆದದ್ದು ನಿಲ್ಲಿಸಿದ ಕಾರಿನಲ್ಲಿ ಎಂಬುದು ಆಮೇಲೆ ಬಯಲಾಯಿತು. ಸಂಸ್ಥೆ ಅದನ್ನು ಒಪ್ಪಿಕೊಳ್ಳಬೇಕಾಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರಲ್ಲ ನಮ್ಮ ಹಿರಿಯರು!

ಹಾಗೆಂದು ಇದನ್ನು ಪರದೇಶದ ಕಂಪನಿಯ ಮೇಲಿನ ದ್ವೇಷವೆನ್ನಲಾದೀತೆ? 1992ರಲ್ಲಿ ಎನ್‌ಬಿಸಿ ಸಂಸ್ಥೆ ಜನರಲ್ ಮೋಟಾರ್ಸ್ ಕಂಪನಿಯ ಟ್ರಕ್ಕುಗಳಿಗೆ ಡಿಕ್ಕಿಯಲ್ಲಿ ಬೆಂಕಿ ಹತ್ತುವುದನ್ನು ತೋರಿಸಲು, ಬೆಂಕಿ ಹೊತ್ತಿಸುವ ಸಾಧನಗಳನ್ನು ಟ್ರಕ್ಕಿನ ಕೆಳಗೆ ಗುಟ್ಟಾಗಿ ಕಟ್ಟಿತ್ತು. 1993ರಲ್ಲಿ ಅದು ಬಹಿರಂಗವಾಗಿ ಕ್ಷಮೆ ಕೇಳಿತು. ಅಂದಮೇಲೆ ಪತ್ರಕರ್ತರ ಪಕ್ಷಪಾತ ದೇಶದ ಕಡೆಗಲ್ಲ, ದೃಶ್ಯದ ಕಡೆಗೆ. ಎದೆ ನಡುಗಿಸುವ ಚಿತ್ರ ಸಿಗುವುದಾದರೆ ಅವರಿಗೆ ಸ್ವದೇಶಿ ಪರದೇಶಿ ಎಂಬ ಭೇದವಿಲ್ಲ.

ಹಾಗಾದರೆ ಟೊಯೋಟಾ ನಿರಪರಾಧಿಯೇ? ಇಲ್ಲಿಯೇ ಸಂಶಯವಾದಿಗಳು ಎಡವಿದ್ದು. ಸರ್ಕಾರದ ಉದ್ದೇಶ ಶುದ್ಧವಲ್ಲ, ಪತ್ರಕರ್ತರು ನಟಿಸಿದರು. ಆದ್ದರಿಂದ ಕಾರಿನಲ್ಲಿ ದೋಷವಿಲ್ಲ ಎಂದು ಅವರು ತರ್ಕಿಸಿದರು. ದೂರು ಹೇಳಿದವನು ಕೆಟ್ಟವನಾದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. 2007ರಲ್ಲಿ ರೀಕಾಲನ್ನು ಮ್ಯಾಟುಗಳಿಗಷ್ಟೇ ಸೀಮಿತಗೊಳಿಸಿ 10 ಕೋಟಿ ಡಾಲರ್ ಉಳಿಸಿದೆವೆಂದು ಟೊಯೋಟಾದ ಒಳಗಿನ ಕಾಗದವೇ ಬೀಗಿ ಹೇಳಿತ್ತು. ಸುರಕ್ಷತಾ ಕಚೇರಿಯ ಇಬ್ಬರು ಮಾಜಿ ನೌಕರರು ಟೊಯೋಟಾದ ಉದ್ಯೋಗಕ್ಕೆ ಸೇರಿ, ತಮ್ಮ ಹಳೆಯ ಕಚೇರಿಯೊಡನೆಯೇ ಕಂಪನಿಯ ಪರವಾಗಿ ವ್ಯವಹರಿಸುತ್ತಿದ್ದರು. ಕೊನೆಗೆ 2014ರ ಮಾರ್ಚ್‌ನಲ್ಲಿ, ಗ್ರಾಹಕರನ್ನು ದಾರಿ ತಪ್ಪಿಸಿದ್ದನ್ನು ಒಪ್ಪಿಕೊಂಡು ಟೊಯೋಟಾ 120 ಕೋಟಿ ಡಾಲರ್ ದಂಡ ತೆತ್ತಿತು.

ಮ್ಯಾಟು, ಪೆಡಲುಗಳಲ್ಲದೆ ಕಾರಿನ ಇಲೆಕ್ಟ್ರಾನಿಕ್ ವ್ಯವಸ್ಥೆಯಲ್ಲೇ ದೋಷವಿದೆಯೆಂಬ ವಾದವನ್ನು ಪರೀಕ್ಷಿಸಲು ನಾಸಾ ಸಂಸ್ಥೆಯ ವಿಜ್ಞಾನಿಗಳನ್ನು ಕರೆಯಲಾಯಿತು. 2011ರ ಫೆಬ್ರವರಿಯಲ್ಲಿ ಹೊರಬಂದ ಅವರ ವರದಿ, ಅಂಥ ದೋಷ ಕಂಡುಬರಲಿಲ್ಲವೆಂದಿತು. ಜೊತೆಗೆ, ಕಂಡುಬರಲಿಲ್ಲವೆಂದ ಮಾತ್ರಕ್ಕೆ ಸಾಧ್ಯವೇ ಇಲ್ಲವೆಂದಲ್ಲ ಎಂಬ ಎಚ್ಚರದ ಮಾತನ್ನೂ ಸೇರಿಸಿತ್ತು. ಸಚಿವರು ಈ ಎಚ್ಚರವನ್ನು ಬಿಟ್ಟು, ತೀರ್ಪು ಬಂದಾಯಿತೆಂದು ಸಾರಿದರು. ಒಂದು ವರ್ಷದ ಹಿಂದೆ ಸಾಕ್ಷ್ಯಕ್ಕಿಂತ ಮುಂದೆ ಓಡಿದ್ದು ಭಯದ ಮಾತು. ಈಗ ಓಡಿದ್ದು ಅಭಯದ ಮಾತು. 2013ರಲ್ಲಿ ಒಕ್ಲಹೋಮದ ಜೂರಿ ಒಂದು ಮೊಕದ್ದಮೆಯಲ್ಲಿ ಟೊಯೋಟಾದ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿ ಇಲೆಕ್ಟ್ರಾನಿಕ್ ದೋಷವೇ ವಾದದ ವಿಷಯವಾಗಿತ್ತು. ಆಳುವವರು ಅಳತೆ ತಪ್ಪಿ ಮಾತನಾಡಿದಾಗ, ಮುಂದೆ ಅವರು ನಿಜ ಹೇಳಿದರೂ ಜನ ನಂಬುವುದಿಲ್ಲ. ಇದು ಒಬ್ಬ ಸಚಿವರ ನಷ್ಟವಲ್ಲ, ಸಾರ್ವಜನಿಕ ನಷ್ಟ.

ಇನ್ನು ಜನರಲ್ ಮೋಟಾರ್ಸ್ ಕಥೆ. ಅದರ ಕೆಲವು ಸಣ್ಣ ಕಾರುಗಳ ಇಗ್ನಿಷನ್ ಸ್ವಿಚ್ಚು ಬಲು ಸಡಿಲ. ಕೀಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಕೀಲಿ ತಿರುಗಿ, ಓಡುವ ಕಾರಿನ ಇಂಜಿನ್ ನಿಂತುಬಿಡುತ್ತಿತ್ತು. ಅಪಘಾತದ ಗಳಿಗೆಯಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಸ್ವಿಚ್ಚಿನ ಸಡಿಲವನ್ನು ಇಂಜಿನಿಯರುಗಳು ವರ್ಷಗಳ ಹಿಂದೆಯೇ ಬಲ್ಲರು. 2006ರಲ್ಲಿ ಹೊಸ ಭಾಗವನ್ನು ಜೋಡಿಸಿದರೂ ಅದರ ಸಂಖ್ಯೆಯನ್ನು ಬದಲಿಸದೆ ಬಿಟ್ಟರು. ಹೀಗಾಗಿ ಬದಲಾವಣೆಯ ಸುಳಿವೇ ಹೊರಗಿನವರಿಗೆ ಸಿಗಲಿಲ್ಲ. ರೀಕಾಲ್ ಆರಂಭವಾದದ್ದು 2014ರ ಫೆಬ್ರವರಿಯಲ್ಲಿ. ಕಂಪನಿಯ ಪರಿಹಾರ ನಿಧಿಯೇ ಒಪ್ಪಿಕೊಂಡ ಸಾವುಗಳು 124.

ಸರ್ಕಾರ ತನ್ನ ಕೊನೆಯ ಪಾಲನ್ನು ಮಾರಿದ್ದು 2013ರ ಡಿಸೆಂಬರ್‌ನಲ್ಲಿ. ಎರಡು ತಿಂಗಳಿಗೆ ರೀಕಾಲ್! ಸಂಶಯವಾದಿಗಳಿಗೆ ಇನ್ನೇನು ಬೇಕು? ಆದರೆ ತಾರೀಖುಗಳನ್ನು ಇನ್ನಷ್ಟು ಹಿಂದಕ್ಕೆ ನೋಡಬೇಕು. ಈ ಕಾರುಗಳ ವಿಷಯದಲ್ಲಿ ವಿಚಾರಣೆ ತೆರೆಯಬೇಕೆ ಎಂಬ ಪ್ರಶ್ನೆ ಸುರಕ್ಷತಾ ಕಚೇರಿಯ ಮುಂದೆ 2007ರಲ್ಲಿ ಬಂದಿತ್ತು, ಬೇಡವೆಂದರು. ಆಗ ಸರ್ಕಾರಕ್ಕೆ ಆ ಕಂಪನಿಯಲ್ಲಿ ಬಿಡಿಗಾಸಿನ ಪಾಲೂ ಇರಲಿಲ್ಲ. 2010ರಲ್ಲಿ ಮತ್ತೆ ಬಂದಿತು, ಮತ್ತೆ ಬೇಡವೆಂದರು. ಆಗ ಸರ್ಕಾರವೇ ಒಡೆಯ. ಪಾಲು ಇಲ್ಲದಾಗಲೂ ಇದ್ದಾಗಲೂ ಉತ್ತರ ಒಂದೇ ಆದ ಮೇಲೆ, ರೋಗದ ಮೂಲ ಪಾಲಿನಲ್ಲಿಲ್ಲ. ಕಣ್ಣೆದುರಿನ ದೂರುಗಳನ್ನು ಓದಲಾರದ ಕಚೇರಿಯಲ್ಲಿದೆ. ಆ ಕಚೇರಿ ದೂರುಗಳನ್ನು ಸರಿಯಾಗಿ ಪರಿಶೀಲಿಸುತ್ತಿಲ್ಲವೆಂದು ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ವರದಿಯೇ 2015ರಲ್ಲಿ ಹೇಳಿತು. ಜನ ಪಿತೂರಿಯನ್ನು ಹುಡುಕುತ್ತಿದ್ದರು, ಅಲ್ಲಿದ್ದದ್ದು ಉದಾಸೀನ. ಪಿತೂರಿಯಲ್ಲಿ ಒಂದು ರೋಚಕತೆಯುಂಟು, ಉದಾಸೀನದಲ್ಲಿ ಅದಿಲ್ಲ. ಆದರೆ ಕೊಲ್ಲುವುದರಲ್ಲಿ ಉದಾಸೀನ ಯಾವ ಪಿತೂರಿಗೂ ಕಡಿಮೆಯಲ್ಲ.

ಹಾಗೆಂದು ಪಾಲಿನ ಪ್ರಶ್ನೆ ಕ್ಷುಲ್ಲಕವಲ್ಲ. ನಮ್ಮ ದೇಶದ ಸರ್ಕಾರವೂ ಕಾರು ತಯಾರಿಸಿದೆ. 1981ರಲ್ಲಿ ಸ್ಥಾಪಿತವಾದ ಮಾರುತಿ ಉದ್ಯೋಗದಲ್ಲಿ ಉಳಿದ ಕೊನೆಯ ಪಾಲನ್ನು ಅದು ಮಾರಿದ್ದು 2007ರಲ್ಲಿ. ಆ ಕಾಲದುದ್ದಕ್ಕೂ ನಮ್ಮಲ್ಲಿ ರೀಕಾಲ್ ಶಾಸನವೇ ಇರಲಿಲ್ಲ. 2012ರಲ್ಲಿ ತಯಾರಕರ ಸಂಘ ತನ್ನ ಇಚ್ಛೆಯಿಂದ ಒಂದು ನಿಯಮಾವಳಿ ಮಾಡಿಕೊಂಡಿತು. 2019ರ ತಿದ್ದುಪಡಿಯಿಂದಷ್ಟೇ, ದೋಷವುಳ್ಳ ವಾಹನಗಳನ್ನು ಕರೆಸಿಕೊಳ್ಳುವಂತೆ ಆಜ್ಞಾಪಿಸುವ ಅಧಿಕಾರ ಮೋಟಾರು ವಾಹನ ಕಾಯಿದೆಯ 110ಎ ಕಲಮಿನ ಮೂಲಕ ಕೇಂದ್ರ ಸರ್ಕಾರಕ್ಕೆ ಬಂದಿತು. ಟೊಯೋಟಾ ಕಾರುಗಳು ನಮ್ಮ ಬಿಡದಿಯಲ್ಲಿಯೂ ತಯಾರಾಗುತ್ತವೆ. ದೂರದ ಅಮೆರಿಕದ ಪಾಠ ನಮ್ಮ ಬಾಗಿಲಿಗೆ ಅಷ್ಟೇನೂ ದೂರವಲ್ಲ.

ಆದ್ದರಿಂದ ವಾಚಕರು ಸಂಶಯಪಡಬಾರದೆಂದು ನಾನು ಹೇಳಲಾರೆ, ಪಡಬೇಕು. ಆದರೆ ‘ಯಾರಿಗೆ ಲಾಭ?’ ಎಂಬ ಪ್ರಶ್ನೆಗೇ ನಿಂತುಬಿಟ್ಟರೆ ಸಾಲದು. ಬಂದ ದೂರುಗಳೆಷ್ಟು, ಅವನ್ನು ಓದಿದವರಾರು, ವಿಚಾರಣೆ ಬೇಡವೆಂದದ್ದು ಯಾವ ಕಾರಣದಿಂದ, ಆ ಕಾಗದಗಳೆಲ್ಲಿ ಎಂದೂ ಕೇಳಬೇಕು. ಮೊದಲನೆಯ ಪ್ರಶ್ನೆಗೆ ಪ್ರತಿಯೊಬ್ಬನೂ ಮನೆಯಲ್ಲೇ ಕುಳಿತು ತನಗೆ ಬೇಕಾದ ಉತ್ತರ ಕಟ್ಟಿಕೊಳ್ಳಬಹುದು. ಉಳಿದವುಗಳಿಗೆ ಉತ್ತರವನ್ನು ಕಚೇರಿಯೇ ಕೊಡಬೇಕು. ಅಧಿಕಾರಕ್ಕೆ ನಿಜವಾಗಿ ಮುಜುಗರವಾಗುವುದು ಅಂಥ ಪ್ರಶ್ನೆಗಳಿಂದಲೇ.