ಹರಟೆಗೂ ಲಿಪಿ ಬೇಡವೇ?

“ಈ ಚಾಟಿಂಗ್ ಬಂದ ಮ್ಯಾಲೆ ಹೆಣ್ಣಮಕ್ಕಳು ಕೆಟ್ಟರು ನೋಡ್ರಿ” ಎಂದು ನಮ್ಮ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಮೊನ್ನೆ ಹಿರಿಯ ಮಾಸ್ತರರೊಬ್ಬರು ತೀರ್ಪು ಕೊಟ್ಟರು. ಅವರು ದಿನಾ ಸಂಜೆ ಗೋಕಾಕದ ಒಂದು ಚಹಾದಂಗಡಿಯ ಕಟ್ಟೆಯ ಮೇಲೆ ಎರಡು ತಾಸು ಕೂಡುತ್ತಾರೆ. ಅಲ್ಲಿ ನಡೆಯುವುದಕ್ಕೆ ವಿಚಾರ ವಿನಿಮಯವೆಂದು ಹೆಸರು. ನಾವು ಅಡಿಗೆ ಮುಗಿಸಿ, ಪಾತ್ರೆ ತೊಳೆದು ಬೋರಲು ಹಾಕಿ, ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಮೊಬೈಲು ಹಿಡಿದರೆ ಅದು ಕೆಡುವುದು! ಗಂಡಸರ ಹರಟೆಗೆ ಊರ ತುಂಬ ಕಟ್ಟೆಗಳಿವೆ. ನಮಗಿದ್ದದ್ದು ಒಂದು ಬಾವಿಕಟ್ಟೆ. ಮನೆಮನೆಗೆ ನಳ ಬಂದ ಮೇಲೆ ಅದೂ ಹೋಯಿತು. ಆದ್ದರಿಂದ ಹರಟೆಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆ. ಈ ಹರಟೆಯನ್ನು ನಾವು ಯಾವ ಅಕ್ಷರದಲ್ಲಿ ಹೊಡೆಯುತ್ತಿದ್ದೇವೆ?

ನನ್ನ ಫೋನಿಗೆ ಬರುವ ನೂರು ಸಂದೇಶಗಳಲ್ಲಿ ಮುಕ್ಕಾಲು ಪಾಲು ಕನ್ನಡ ಮಾತು, ಇಂಗ್ಲಿಷ್ ಅಕ್ಷರ. ಕಳೆದ ವರ್ಷ ಸಹೋದ್ಯೋಗಿಯೊಬ್ಬಳು ಹಾಗೆಯೇ “ಐದನೇ ಪಾಠ ಕಲಿಸಿ” ಎಂದು ಬರೆದಳು. ನಾನು ವಾರಪೂರ್ತಿ ಆ ಪಾಠ ಕಲಿಸಿದೆ. ಆಕೆ ಕೇಳಿದ್ದು ಪಾಠದ ಟಿಪ್ಪಣಿ “ಕಳಿಸಿ” ಎಂದು. ಇಂಗ್ಲಿಷ್ ಅಕ್ಷರಕ್ಕೆ ನಮ್ಮ ಲಕಾರವೂ ಒಂದೇ, ಳಕಾರವೂ ಒಂದೇ. ಅದಕ್ಕೆ ಕಾಲೂ ಕಾಳೂ ಒಂದೇ. ಮೂವತ್ತು ವರ್ಷ ಈ ಲ-ಳಗಳ ಭೇದವನ್ನು ಮಕ್ಕಳ ಬಾಯಲ್ಲಿ ತಿದ್ದಿದ ನಾನೇ ಅದನ್ನು ಓದುವಾಗ ಮೋಸಹೋದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಇದು ಬರೇ ನಗೆಯ ಮಾತಲ್ಲ ಎಂಬುದು ನನಗೆ 2003ರಷ್ಟು ಹಿಂದೆಯೇ ತಿಳಿದಿತ್ತು.

ನನ್ನ ತವರು ಮೂಡಲಗಿ. ಈಗ ಅದೂ ತಾಲೂಕಾಗಿದೆ, ಆಗ ಗೋಕಾಕ ತಾಲೂಕಿನಲ್ಲೇ ಇತ್ತು. ನಮ್ಮ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ, ನಲವತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ರಾತ್ರಿ ಕಂದೀಲಿನ ಬೆಳಕಿಗೆ ಪಾಟಿ ಹಿಡಿದು ಅಕ್ಷರ ಕಲಿತಳು. ಹೆಬ್ಬೆಟ್ಟು ಒತ್ತುವ ಕೈ ಸಹಿ ಮಾಡಿತು. ಆದರೆ ಅವಳಿಗೆ ಅಕ್ಷರದ ನಿಜವಾದ ಬೆಲೆ ಗೊತ್ತಾದದ್ದು 2001ರಲ್ಲಿ, ನನ್ನ ತಂಗಿಯನ್ನು ಹುಕ್ಕೇರಿಯ ಮನೆತನಕ್ಕೆ ಕೊಟ್ಟು, ಅವಳು ಗಂಡನ ಹಿಂದೆ ಅಮೆರಿಕಕ್ಕೆ ಹೋದಾಗ. ತಿಂಗಳಿಗೊಂದು ನೀಲಿ ಪತ್ರ ಬರುತ್ತಿತ್ತು. ಅವ್ವ ಅದನ್ನು ಯಾರ ಕೈಗೂ ಕೊಡದೆ, ಒಂದೊಂದೇ ಅಕ್ಷರ ಕೂಡಿಸಿ, ಮೂರು ದಿನ ಓದುತ್ತಿದ್ದಳು. ಉತ್ತರವನ್ನೂ ತಾನೇ ಬರೆಯುತ್ತಿದ್ದಳು. ಒತ್ತಕ್ಷರ ತಪ್ಪುತ್ತಿದ್ದವು, ಆದರೆ ಮಾತು ಅವಳದೇ ಆಗಿರುತ್ತಿತ್ತು. ಅವಳ ತಾಯಿಯ ಕಾಲದಲ್ಲಿ ಪತ್ರವೆಂದರೆ ಊರಿನ ಯಾವನೋ ಓದು ಬಲ್ಲವನ ಮುಂದೆ ಕೂತು ಹೇಳಿ ಬರೆಸುವುದು. ಅವನ ಮುಂದೆ ಎದೆಯೊಳಗಿನದನ್ನು ಹೇಳಲಾದೀತೇ? ಅದಕ್ಕೇ ಆ ಪತ್ರಗಳಲ್ಲೆಲ್ಲ “ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ” ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

2003ರ ದೀಪಾವಳಿಗೆ ತಂಗಿಯ ಮೈದುನ ರಜೆಯ ಮೇಲೆ ಬಂದ. ಹುಕ್ಕೇರಿಯಿಂದ ನೇರ ಗೋಕಾಕಕ್ಕೆ, ನಮ್ಮ ಮನೆಗೆ. ಅವ್ವನನ್ನೂ ಕರೆಸಿದ್ದೆ. ಜೇಬಿನಿಂದ ಅಂಗೈಯಗಲದ ಒಂದು ಗಣಕಯಂತ್ರ ತೆಗೆದ. ಯಾವ ಕಂಪನಿಯದೆಂಬುದು ಇಲ್ಲಿ ಬೇಡ. ನಮ್ಮ ಟೆಲಿಫೋನಿನ ವಾಯರು ಬಿಚ್ಚಿ ಅದರ ಬೆನ್ನಿನ ಮೋಡೆಮ್ಮಿಗೆ ಸಿಕ್ಕಿಸಿದ. ಕೀಂಗುಟ್ಟಿ ಅದು ಅಂತರ್ಜಾಲ ಹಿಡಿಯಿತು. ಊದಿನಕಡ್ಡಿಯಂಥ ಪೆನ್ನಿನಿಂದ ಗೀಚಿದ. ತಂಗಿ ಅಲ್ಲಿಂದ ಉತ್ತರ ಬರೆದಳು. ಏಳು ಸಮುದ್ರದಾಚೆಯ ಮಾತು ನಮ್ಮ ಪಡಸಾಲೆಯಲ್ಲಿ ಮೂಡಿತು. ಅವ್ವ ಎರಡೂ ಕೈ ಜೋಡಿಸಿದಳು.

ಆಮೇಲೆ ನೋಡುತ್ತಾಳೆ, ಒಂದಕ್ಷರವೂ ಓದಲು ಬರುವುದಿಲ್ಲ. ಮಾತು ಮೂಡಲಗಿಯದೇ, ಅಕ್ಷರ ಇಂಗ್ಲಿಷಿನವು. “ನೀವು ಹೇಳ್ರಿ ಅತ್ತಿ, ನಾ ಬರೀತೀನಿ” ಎಂದ ಹುಡುಗ. ಒಳ್ಳೆಯ ಹುಡುಗನೇ. ಆದರೆ ಬೀಗರ ಹುಡುಗ. ಅವ್ವ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. “ಕೇಳು...” ಎಂದು ಬಾಯಿ ತೆರೆದು ನಿಲ್ಲಿಸಿದಳು. ಕೊನೆಗೆ “ಊಟಾ ಆತೇನ ಅಂತ ಕೇಳಪಾ” ಎಂದಳು. ಆಯಿತು ಎಂದು ಉತ್ತರ ಬಂತು.

ಪೆನ್ನು ನಾನೇ ಇಸಿದುಕೊಂಡೆ, ಮೇಷ್ಟ್ರಿಣಿಯಲ್ಲವೇ! ಆದರೆ ನಾನು ಬರೆದ ಇಂಗ್ಲಿಷ್ ‘ಎ’ ಅದಕ್ಕೆ ಹಿಡಿಸಲಿಲ್ಲ. ನಡುವಿನ ಅಡ್ಡಗೆರೆ ಎಳೆಯಕೂಡದು, ಗುಡಿಸಲ ಮಾಡಿನಂತೆ ಎರಡೇ ಗೆರೆ ಇರಬೇಕು, ಪೆನ್ನು ಎತ್ತಿದರೆ ಅಕ್ಷರ ಮುಗಿಯಿತು ಎಂದು ಹುಡುಗ ಕಲಿಸಿದ. ಯಂತ್ರಕ್ಕೆ ನಮ್ಮ ಅಕ್ಷರ ಬಾರದು. ಯಂತ್ರದ ಅಕ್ಷರವನ್ನು ನಾವು ಕಲಿಯಬೇಕು. ಹತ್ತು ವರ್ಷ ಹಿಂದೆ ಕಂದೀಲಿನ ಬೆಳಕಿಗೆ ಗಳಿಸಿದ್ದನ್ನು ಅವ್ವ ಹತ್ತು ನಿಮಿಷದಲ್ಲಿ ಕಳೆದುಕೊಂಡು ಮತ್ತೆ ಹೆಬ್ಬೆಟ್ಟಿನವಳಾಗಿ ಕೂತಿದ್ದಳು.

ಅದಕ್ಕಿಂತ ದೊಡ್ಡ ಹಾನಿ ಆಮೇಲೆ ಆಯಿತು. “ಇನ್ನ ಪತ್ರ ಯಾಕ? ಚಾಟ್ ಐತಲ್ಲ” ಎಂದು ಅಲ್ಲಿಯೂ ಅಂದರು, ಇಲ್ಲಿಯೂ ಅಂದರು. ನೀಲಿ ಪತ್ರ ನಿಂತವು. ಎರಡು ವರ್ಷದ ಮೇಲೆ ತಂಗಿ ಬಂದಾಗ ತಿಳಿಯಿತು: ಆ ದೀಪಾವಳಿಗೆ ತಿಂಗಳ ಮುಂಚೆ ಅವಳಿಗೆ ಐದು ತಿಂಗಳ ಗರ್ಭ ಇಳಿದುಹೋಗಿತ್ತು. ಪತ್ರದಲ್ಲಿ ಅವ್ವನಿಗೆ ಬರೆಯುತ್ತಿದ್ದಳು. ಮೈದುನನ ಅಂಗೈಯಲ್ಲಿ ಮೂಡುವ ಪರದೆಗೆ ಹೇಗೆ ಬರೆದಾಳು? ಅವ್ವ ಕೇಳಬೇಕೆಂದು ನಿಲ್ಲಿಸಿದ ಮಾತೂ ಅದೇ. ಹೆತ್ತವಳಿಗೆ ಹೇಗೋ ಅಂದಾಜಾಗಿತ್ತು. ಇಬ್ಬರೂ ಪರದೆಯ ಎರಡು ಕಡೆ ಕೂತು ಊಟದ ಮಾತಾಡಿದ್ದರು.

ಈಗ ಹೇಳಿ, ಲಿಪಿ ಅಂದರೆ ಅಲಂಕಾರವೇ?

ಇದು ಅನಿವಾರ್ಯವಾಗಿತ್ತು, ಆಗಿನ ಯಂತ್ರಗಳೇ ಹಾಗಿದ್ದವು ಎನ್ನುವವರಿದ್ದಾರೆ. ಅವರಿಗೆ ಬೆಂಗಳೂರಿನ ಸಿಂಪ್ಯೂಟರ್ ನೆನಪಿಸುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮುಂತಾದವರು ಎನ್‌ಕೋರ್ ಎಂಬ ಕಂಪನಿಯವರ ಜೊತೆ ಸೇರಿ ರೂಪಿಸಿದ ಅಂಗೈ ಗಣಕಯಂತ್ರ ಅದು. 1998ರಲ್ಲಿ ಹುಟ್ಟಿದ ಆಲೋಚನೆ, 2001ರಲ್ಲಿ ಮಾದರಿ ಸಿದ್ಧ. 2004ರ ಮಾರ್ಚಿನಲ್ಲಿ ನಮ್ಮ ಬಿಇಎಲ್ ಕಾರ್ಖಾನೆ ‘ಅಮಿಡಾ’ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಸರಳ, ಅಗ್ಗ, ಬಹುಭಾಷೆಯ ಯಂತ್ರವೆಂಬ ಅರ್ಥದ ಇಂಗ್ಲಿಷ್ ಮಾತುಗಳಿಂದಲೇ ಆ ಹೆಸರು ಕಟ್ಟಿದ್ದು. ಓದು ಬಾರದವರಿಗೆ ಅದು ಕನ್ನಡವನ್ನು ಓದಿ ಹೇಳಬೇಕೆಂದು ಮಾಡಿದ್ದರು. ಪರದೆಯ ಮೇಲೆ ಸ್ವಂತ ಕೈಬರಹದಲ್ಲಿ ಗೀಚಿ ಮಿಂಚಂಚೆ ಕಳಿಸುವ ಅನುಕೂಲವೂ ಇತ್ತು. ಅಂದರೆ ಅವ್ವನ ತಪ್ಪು ಒತ್ತಕ್ಷರ ಇದ್ದ ಹಾಗೆಯೇ ಹೋಗಬಹುದಿತ್ತು!

ಅದರಲ್ಲಿ ಇನ್ನೊಂದು ವಿಚಾರವಿತ್ತು. ಯಂತ್ರ ಊರಿಗೊಂದು, ಆದರೆ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಸ್ಮಾರ್ಟ್ ಕಾರ್ಡು. ಕಾರ್ಡು ಹಾಕಿದಾಗ ನಿಮ್ಮದು ನಿಮಗೆ, ತೆಗೆದಾಗ ಮುಂದಿನವರದು ಅವರಿಗೆ. ನಮ್ಮ ಕಡೆಯವರಿಗೆ ಇದು ಹೊಸ ಮಾತಲ್ಲ. ಹುಕ್ಕೇರಿಯ ಜನ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ದೀಪ ಹಚ್ಚಿಕೊಳ್ಳುವವರೇ ಸಂಘದ ಸದಸ್ಯರು. ಕರೆಂಟನ್ನೇ ಹಂಚಿಕೊಂಡು ನಡೆಸಿದ ತಾಲೂಕಿಗೆ ಒಂದು ಅಂಗೈ ಯಂತ್ರ ಹಂಚಿಕೊಳ್ಳುವುದು ಕಷ್ಟವಾಗುತ್ತಿತ್ತೇ?

ಆದರೆ ಅದು ಹುಕ್ಕೇರಿಯ ನಮ್ಮ ಬೀಗರ ಓಣಿಗೂ ಬರಲಿಲ್ಲ, ಮೂಡಲಗಿಯ ನಮ್ಮ ಓಣಿಗೂ ಬರಲಿಲ್ಲ. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. ನನ್ನ ಆಗಿನ ಒಂದು ತಿಂಗಳ ಪಗಾರ ಅಷ್ಟೂ ಅದಕ್ಕೇ ಹೋಗುತ್ತಿತ್ತು. ಸರಕಾರಗಳು ರಾಶಿರಾಶಿಯಾಗಿ ಕೊಳ್ಳಲಿಲ್ಲ. ಅಷ್ಟರಲ್ಲಿ ಮೊಬೈಲು ಅಗ್ಗವಾಯಿತು. ಸಿಂಪ್ಯೂಟರ್ ಸೋತಿತೆಂದು ನಗುವವರ ಜೊತೆ ನಾನು ನಗಲಾರೆ. ಮನುಷ್ಯರು ಯಂತ್ರದ ಅಕ್ಷರ ಕಲಿಯಬೇಕೋ, ಯಂತ್ರ ಮನುಷ್ಯರ ಅಕ್ಷರ ಕಲಿಯಬೇಕೋ ಎಂಬ ಪ್ರಶ್ನೆಗೆ ಅವರು ಸರಿಯಾದ ಉತ್ತರ ಕೊಟ್ಟಿದ್ದರು. ಕೊಳ್ಳಬೇಕಾದವರು ಕೊಳ್ಳಲಿಲ್ಲ, ಕೇಳಬೇಕಾದ ನಾವು ಕೇಳಲಿಲ್ಲ.

ನಾವು ಕೇಳಲಿಲ್ಲ ಎಂಬುದೇ ನನಗೆ ಹೆಚ್ಚಿನ ಸಿಟ್ಟು. 1982ರ ಗೋಕಾಕ ಚಳವಳಿಯ ಹೊತ್ತಿಗೆ ನಾನು ಶಾಲೆಯ ಹುಡುಗಿ. ಅದು ನಮ್ಮೂರಿನ ಹೆಸರಲ್ಲ, ವಿ.ಕೃ. ಗೋಕಾಕರ ವರದಿಯ ಹೆಸರು ಎಂಬುದು ಗೊತ್ತಿಲ್ಲದೆ ಬೀಗಿದ್ದೆವು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ನಾಡೇ ಬೀದಿಗಿಳಿಯಿತು. ಪರದೆಯ ಮೇಲೆ ಕನ್ನಡ ಇಲ್ಲವೆಂದಾಗ ಯಾರು ಇಳಿದರು? ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಾವು ಇಂದು ಹೆಚ್ಚಾಗಿ ಹಿಡಿಯುವ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಮೂಡುವ ಏರ್ಪಾಡು ಬಂದದ್ದು 2012ರಲ್ಲಿ, 4.1ನೆಯ ಆವೃತ್ತಿಯ ಜೊತೆ. ಆ 21 ವರ್ಷದಲ್ಲಿ ನಮಗೆ ಇಂಗ್ಲಿಷ್ ಅಕ್ಷರದ ಚಟ ಹತ್ತಿತು. ಈಗ ಫೋನು ಕನ್ನಡ ಕಲಿತಿದೆ, ನಾವು ಮರೆತಿದ್ದೇವೆ.

“ಕನ್ನಡ ಟೈಪು ಕಷ್ಟರೀ” ಎನ್ನುತ್ತೀರಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಇಂಗ್ಲಿಷಿನ ಅವೇ 26 ಕೀಲಿಗಳಲ್ಲಿ ನಮ್ಮ ಅಷ್ಟೂ ಕಾಗುಣಿತ ಕೂಡುತ್ತವೆ. ಹೋಳಿಗೆ ಲಟ್ಟಿಸುವ ಕೈಗೆ ಅದು ಎಂಟು ದಿನದ ಅಭ್ಯಾಸ. ಇನ್ನು ಕೆಲವರು “ಈಗ ದನಿಯನ್ನೇ ಕಳಿಸಬಹುದು, ಅಕ್ಷರ ಯಾಕೆ?” ಎನ್ನುತ್ತಾರೆ. ಅವರು ಕೂಡು ಕುಟುಂಬದಲ್ಲಿ ಸೊಸೆಯಾಗಿ ಬಾಳಿದವರಲ್ಲ. ದನಿಯನ್ನು ಅತ್ತೆ ಕೇಳುತ್ತಾಳೆ, ನಾದಿನಿ ಕೇಳುತ್ತಾಳೆ, ಪಡಸಾಲೆಯ ಗೋಡೆ ಕೇಳುತ್ತದೆ. ಸದ್ದಿಲ್ಲದೆ ಹೋಗುವುದು ಅಕ್ಷರ ಒಂದೇ. ಮನೆಯಲ್ಲಿ ತನ್ನದೊಂದು ಕೋಣೆಯಿಲ್ಲದವಳಿಗೆ ಅಕ್ಷರವೇ ಕೋಣೆ. ಅದರ ಕೀಲಿಯನ್ನು ಇಂಗ್ಲಿಷ್ ಬಲ್ಲವರ ಕೈಗೆ ಯಾಕೆ ಕೊಡುತ್ತೀರಿ?

ನಮ್ಮ ವಯಸ್ಸಿನವರು ಇಂಗ್ಲಿಷ್ ಅಕ್ಷರ ಓದಿಯೇವು. ನಮ್ಮ ತಾಯಂದಿರು, ನಮ್ಮ ಮನೆಗೆ ಕಸಮುಸುರೆಗೆ ಬರುವ ಅಕ್ಕ, ಕನ್ನಡ ಶಾಲೆ ನಾಲ್ಕನೆಯ ಇಯತ್ತೆಗೆ ಬಿಟ್ಟು ಹೊಲಕ್ಕೆ ಹೋದ ಗೆಳತಿ, ಇವರೆಲ್ಲ ಕನ್ನಡ ಓದಬಲ್ಲರು. ನಾವು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪ್ರತಿ ಸಾಲೂ ಅವರನ್ನು ಮತ್ತೊಬ್ಬರ ಬಾಗಿಲಿಗೆ ಓದಿಸಿಕೊಳ್ಳಲು ಕಳಿಸುತ್ತದೆ.

2016ರಲ್ಲಿ ಅವ್ವನಿಗೊಂದು ಫೋನು ಕೊಡಿಸಿ ಕನ್ನಡ ಕೀಲಿಮಣೆ ಹಾಕಿಕೊಟ್ಟೆ. ವಾರವಿಡೀ ಹುಕ್ಕೇರಿಯ ಬೀಗತಿಗೆ “ನಮಸ್ಕಾರ” ಕಳಿಸಿ ರೂಢಿ ಮಾಡಿಕೊಂಡಳು. ಒಂದು ಮಧ್ಯಾಹ್ನ “ತಂಗಿಗೆ ಬರದ್ರ ಮತ್ತ ಯಾರರ ಓದತಾರೇನ?” ಎಂದು ಕೇಳಿದಳು. “ಇಲ್ಲವ್ವಾ, ಅಕೀ ಒಬ್ಬಾಕೀನ” ಎಂದೆ. ಕಿಟಕಿಯ ಕಡೆ ಮುಖ ಮಾಡಿ ಕೂತು ಒಂದು ತಾಸು ಬರೆದಳು. ಏನು ಬರೆದಳೆಂದು ನಾನು ಕೇಳಲಿಲ್ಲ, ತಂಗಿಯೂ ಹೇಳಿಲ್ಲ. ಹಾಗೆಯೇ ಇರಬೇಕು.

ಈ ರಾತ್ರಿ ಪಾತ್ರೆ ತೊಳೆದಾದ ಮೇಲೆ ನಿಮ್ಮ ಫೋನಿನಲ್ಲಿ ಕನ್ನಡ ಕೀಲಿಮಣೆ ಹುಡುಕಿ, ನಿಮ್ಮ ಅವ್ವನಿಗೆ ಒಂದು ಸಾಲು ಬರೆಯಿರಿ. ಮಾಸ್ತರರು ಕೆಟ್ಟಿರೆಂದರೆ ಅನ್ನಲಿ ಬಿಡಿ.