ಹರೆಯದವರಿಗೆ ‘ಖಾಲಿ ಇಲ್ಲ’ ಎನ್ನುವ ಮೊದಲು

ಮೃಗಾಲಯಕ್ಕೂ ಕಾರಂಜಿ ಕೆರೆಗೂ ನಡೆದೇ ಹೋಗಬಹುದಾದ, ಅರಮನೆಗೂ ಹತ್ತಿರವಿರುವ ಮೈಸೂರಿನ ನಜರ್‌ಬಾದಿನಲ್ಲಿ ಮಹಡಿ ಮನೆಯನ್ನು ದಿನದ ಬಾಡಿಗೆಗೆ ಕೊಡುವವರಿದ್ದಾರೆ. ಕೆಳಗೆ ಮಾಲೀಕರ ಸಂಸಾರ, ಮೇಲೆ ಎರಡು ರೂಮು, ಸಣ್ಣ ಅಡುಗೆಮನೆ, ಹೊರಗಿನಿಂದಲೇ ಮೆಟ್ಟಿಲು. ಬುಕಿಂಗ್‌ಗೆ ಕೇಳಿದವರಿಗೆ ಮೊದಲ ಪ್ರಶ್ನೆ, ‘ಫ್ಯಾಮಿಲಿನಾ?’ ‘ಇಲ್ಲ ಆಂಟಿ, ಫ್ರೆಂಡ್ಸ್, ನಾಲ್ಕು ಜನ’ ಎಂದರೆ ಮಾತು ಅಲ್ಲಿಗೆ ಮುಗಿಯಿತು. ‘ಆವತ್ತು ಖಾಲಿ ಇಲ್ಲಪ್ಪ.’ ಮನೆ ಖಾಲಿಯೇ ಇರುತ್ತದೆ.

ಹೀಗೆ ಹೇಳುವವರನ್ನು ಹಳೇ ಕಾಲದವರು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಶನಿವಾರ ಬೆಳಗ್ಗೆ ಮನಸ್ಸು ಮಾಡಿ ಮಧ್ಯಾಹ್ನದ ಊಟಕ್ಕೆ ಮೈಸೂರಿಗೆ ಬರುವುದು ಸಲೀಸಾಗಿದೆ. ನಾಲ್ಕು ಜನ ಎಂದು ಬುಕ್ ಮಾಡಿರುತ್ತಾರೆ; ರಾತ್ರಿ ಮೆಟ್ಟಿಲ ಮೇಲೆ ಎಂಟು ಜೊತೆ ಚಪ್ಪಲಿ. ತಾರಸಿಯಲ್ಲಿ ಬ್ಲೂಟೂತ್ ಸ್ಪೀಕರ್. ಬೆಳಗ್ಗೆ ಐದೂವರೆಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಬಂದ ಪಕ್ಕದ ಮನೆಯವರಿಗೆ ಕಾಣುವುದು ತಮ್ಮ ಗೇಟಿಗೆ ಅಡ್ಡ ನಿಂತ ಎರಡು ಬೈಕು, ಕಾಂಪೌಂಡಿನ ಮೇಲೆ ಬಿಯರ್ ಬಾಟಲಿ. ಅತಿಥಿಗಳು ಹನ್ನೊಂದಕ್ಕೆ ಚೆಕ್‌ಔಟ್ ಮಾಡಿ ಹೊರಟುಬಿಡುತ್ತಾರೆ. ಪಕ್ಕದ ಮನೆಯವರ ಮುಖ ನೋಡಿಕೊಂಡು ಬದುಕಬೇಕಾದವರು ಮಾಲೀಕರು. ಅದೂ ಮಕ್ಕಳು ಬೇರೆ ಊರಿನಲ್ಲಿದ್ದು, ವಯಸ್ಸಾದ ದಂಪತಿ ಇಬ್ಬರೇ ಇರುವ ಮನೆಯಾದರೆ ರಾತ್ರಿ ಒಂದು ಗಂಟೆಗೆ ಮೇಲೆ ಹತ್ತಿ ‘ಸೌಂಡ್ ಕಡಿಮೆ ಮಾಡ್ರಪ್ಪ’ ಎನ್ನುವುದಕ್ಕೂ ಧೈರ್ಯ ಬೇಕು.

ಪೊಲೀಸರ ಭಯವೂ ಸುಳ್ಳಲ್ಲ. 2022ರ ನವೆಂಬರ್‌ನ ಮಂಗಳೂರು ಕುಕ್ಕರ್ ಸ್ಫೋಟದ ಆರೋಪಿ ಬೇರೊಬ್ಬರ ಆಧಾರ್ ತೋರಿಸಿ ಮೈಸೂರಿನಲ್ಲೇ ಬಾಡಿಗೆ ರೂಮು ಹಿಡಿದಿದ್ದ ಎಂಬುದು ಹೊರಬಂದಾಗ ಮನೆ ಬಾಡಿಗೆಗೆ ಕೊಟ್ಟವರೆಲ್ಲ ಬೆಚ್ಚಿದ್ದರು. ಆದರೆ ಆ ಪ್ರಕರಣ ಕಲಿಸಿದ್ದು ಗುರುತಿನ ಚೀಟಿಯನ್ನು ಸರಿಯಾಗಿ ನೋಡಬೇಕೆಂದು. ಇಪ್ಪತ್ತರ ಹುಡುಗರನ್ನೆಲ್ಲ ದೂರವಿಡಬೇಕೆಂದು ಅಲ್ಲ.

ಇನ್ನು ಬಾಗಿಲ ಆಚೆ ನಿಂತವರನ್ನು ನೋಡಿ. ಮರುದಿನದ ಪರೀಕ್ಷೆಗೆ ಹಾವೇರಿಯಿಂದಲೋ ರಾಯಚೂರಿನಿಂದಲೋ ಬಂದ ಇಬ್ಬರು ಹುಡುಗಿಯರು, ಕೆಲಸದ ಇಂಟರ್‌ವ್ಯೂಗೆ ಬಂದವನು, ಮೊದಲ ಸಂಬಳದಲ್ಲಿ ದಸರಾ ನೋಡಲು ಹೊರಟ ಗೆಳೆಯರು. ಇವರ ಕೈಯಲ್ಲಿ ದೊಡ್ಡ ಹೋಟೆಲಿಗೆ ದುಡ್ಡಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಅಗ್ಗದ ಲಾಡ್ಜಿಗೆ ಹುಡುಗಿಯರನ್ನು ಕಳಿಸಲು ಮನೆಯವರು ಒಪ್ಪುವುದಿಲ್ಲ. ಸಂಸಾರಸ್ಥರಿರುವ ಮನೆಯ ಮೇಲೊಂದು ರೂಮು ಅವರಿಗೆ ಎಲ್ಲಕ್ಕಿಂತ ಸುರಕ್ಷಿತ ಜಾಗ. ಅದೇ ಕೈತಪ್ಪುತ್ತದೆ. 61ನೇ ತಿದ್ದುಪಡಿಯಿಂದ ಹದಿನೆಂಟಕ್ಕೇ ಮತ ಹಾಕುವ ಹಕ್ಕು ಪಡೆದವರು ಇಪ್ಪತ್ತಮೂರರಲ್ಲೂ ‘ಅಪ್ಪ ಅಮ್ಮ ಜೊತೆಗಿದ್ದಾರಾ?’ ಎಂಬ ಪ್ರಶ್ನೆಗೆ ಉತ್ತರಿಸಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲುಗಳ ಪ್ರವೇಶಕ್ಕೆ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಅಡ್ಡಿಯಾಗಕೂಡದು ಎನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸಿಲ್ಲ. ಹಾಗಾಗಿ ಹೇಳಲಾಗದ ಕಾರಣಗಳೆಲ್ಲ ವಯಸ್ಸಿನ ಹಿಂದೆ ಅಡಗಿ ಕೂರಬಹುದು. ಹೆಸರು ಓದಿ ಬೇಡವೆನಿಸಿದವರಿಗೂ, ಹುಡುಗ ಹುಡುಗಿ ಜೊತೆಯಾಗಿ ಬಂದವರಿಗೂ ‘ಬ್ಯಾಚುಲರ್ಸ್‌ಗೆ ಕೊಡಲ್ಲ’ ಎಂಬ ಒಂದೇ ಮಾತು ಸಾಕು. ಕೊಯಮತ್ತೂರಿನಲ್ಲಿ ಮದುವೆಯಾಗದ ಜೋಡಿ ತಂಗಿತ್ತೆಂದು ಅಧಿಕಾರಿಗಳು ಸರ್ವೀಸ್ ಅಪಾರ್ಟ್‌ಮೆಂಟಿಗೆ ಬೀಗ ಜಡಿದಾಗ, ಅದು ಯಾವ ಕಾನೂನಿನ ಪ್ರಕಾರವೂ ಅಪರಾಧವಲ್ಲ ಎಂದು ಮದ್ರಾಸ್ ಹೈಕೋರ್ಟ್ 2019ರ ಡಿಸೆಂಬರ್‌ನಲ್ಲಿ ಹೇಳಿತು. ಆದರೂ 2025ರ ಜನವರಿಯಲ್ಲಿ ಓಯೊ ಕಂಪನಿ ಮೀರತ್‌ನಿಂದ ಶುರುಮಾಡಿ ಇಂಥ ಜೋಡಿಗಳಿಗೆ ರೂಮು ನಿರಾಕರಿಸುವ ಅವಕಾಶವನ್ನು ತನ್ನ ಹೋಟೆಲುಗಳಿಗೆ ಕೊಟ್ಟಿತು.

ಮಾಲೀಕರನ್ನು ಕೇಳಿದರೆ ಕಾನೂನಿಗಿಂತ ಬೀದಿಗೆ ಹೆದರಬೇಕು ಎನ್ನುತ್ತಾರೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆದದ್ದನ್ನು ಟಿವಿಯಲ್ಲಿ ಕರ್ನಾಟಕವೆಲ್ಲ ನೋಡಿದೆ. ಅಂದು ತಪ್ಪು ಮಾಡಿದ್ದು ನುಗ್ಗಿದವರು, ತಂಗಿದ್ದವರಲ್ಲ. ಹಾಗಿದ್ದೂ ಬಾಗಿಲು ಮುಚ್ಚಿದ್ದು ತಂಗುವವರಿಗೆ. ಈ ಭಯ ನನಗೆ ಅರ್ಥವಾಗುತ್ತದೆ. ಅದರ ದಂಡವನ್ನು ಹರೆಯದವರು ತೆರಬೇಕೆಂಬುದನ್ನು ಒಪ್ಪಲಾರೆ.

ಊರಿನ ಹಿಂದಿನ ನಡತೆಯೂ ಎರಡು ಕಡೆಗೂ ವಾಲುತ್ತದೆ. ಹಳ್ಳಿಯಿಂದ ಓದಲು ಬಂದ ಹುಡುಗರಿಗೆ ವಾರದಲ್ಲೊಂದು ದಿನ ಊಟವಿಟ್ಟ ವಾರಾನ್ನದ ಮನೆಗಳು ಮೈಸೂರಿನಲ್ಲಿದ್ದವು. ಹಾಗೆ ಉಂಡು ಓದಿ ದೊಡ್ಡವರಾದವರು ಎಷ್ಟೋ ಜನ. ಆದರೆ ಆ ಮನೆಗಳೂ ಜಾತಿ ನೋಡಿಯೇ ಎಲೆ ಹಾಕುತ್ತಿದ್ದವು. ಅಲ್ಲಿ ಜಾಗವಿಲ್ಲದವರಿಗೆ ಹಾಸ್ಟೆಲುಗಳೇ ಬೇಕಾದವು.

ಹಾಗಾದರೆ ನಿರಾಕರಿಸುವ ಹಕ್ಕು ಎಲ್ಲಿಯವರೆಗೆ? ತಾವೇ ವಾಸಿಸುವ ಮನೆಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ತೀರ್ಮಾನಿಸಲು ಆ ವಯಸ್ಸಾದ ದಂಪತಿಯಂಥವರಿಗೆ ಹೆಚ್ಚು ಸ್ವಾತಂತ್ರ್ಯವಿರಲಿ. ಫ್ಲ್ಯಾಟುಗಳನ್ನು ಕೊಂಡು, ಕೀಲಿಯನ್ನು ಡಬ್ಬಿಯಲ್ಲಿಟ್ಟು, ತಾವು ಬೇರೆ ಬಡಾವಣೆಯಲ್ಲಿದ್ದು ವ್ಯಾಪಾರ ಮಾಡುವವರಿಗೆ ಅಷ್ಟು ಬೇಡ; ಅದು ಹೋಟೆಲೇ. ಏರ್‌ಬಿಎನ್‌ಬಿ 2020ರಲ್ಲಿ ಅಮೆರಿಕದಲ್ಲಿ ಇಪ್ಪತ್ತೈದರ ಒಳಗಿನವರಿಗೆ ತಡೆ ಹಾಕಿದಾಗಲೂ ಅದು ತಮ್ಮೂರಿನ ಸಮೀಪವೇ ಇಡೀ ಮನೆ ಹಿಡಿಯುವವರಿಗೆ ಮಾತ್ರ ಇತ್ತು. ಹಿಂದೆ ತಂಗಿದಲ್ಲಿ ಒಳ್ಳೆಯ ಹೆಸರು ಪಡೆದವರಿಗೆ ವಿನಾಯಿತಿ ಕೊಟ್ಟಿತ್ತು. ವಯಸ್ಸಿಗಿಂತ ನಡತೆ ಒಳ್ಳೆಯ ಅಳತೆ. ನಲವತ್ತೈದರ ಗಂಡಸರ ಗುಂಪು ಕುಡಿದು ಕೂಗಾಡುವುದಿಲ್ಲವೇ? ನಾಮಕರಣಕ್ಕೆ ಬಂದ ‘ಫ್ಯಾಮಿಲಿ’ ನಡುರಾತ್ರಿವರೆಗೆ ಹಾಡು ಹಾಕುವುದಿಲ್ಲವೇ? ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು 45 ಡೆಸಿಬಲ್ ಮೀರಬಾರದೆಂಬ 2000ನೇ ಇಸವಿಯ ನಿಯಮ ಎಲ್ಲ ವಯಸ್ಸಿಗೂ ಒಂದೇ.

ಆದ್ದರಿಂದ ಮಾಲೀಕರಲ್ಲಿ ನನ್ನ ಕೋರಿಕೆ: ‘ಫ್ಯಾಮಿಲಿ ಮಾತ್ರ’ ಎಂಬುದನ್ನು ತೆಗೆದು, ಎಷ್ಟು ಜನ, ಎಷ್ಟು ಗಂಟೆಯವರೆಗೆ ತಾರಸಿ, ಕುಡಿಯಲು ಬಿಡುತ್ತೀರೋ ಇಲ್ಲವೋ, ಡೆಪಾಸಿಟ್ ಎಷ್ಟು ಎಂದು ಮೊದಲೇ ಬರೆಯಿರಿ, ಎಲ್ಲರಿಂದಲೂ ಒಪ್ಪಿಗೆ ಪಡೆಯಿರಿ. ಫೋನಿನಲ್ಲಿ ಎರಡು ನಿಮಿಷ ಮಾತಾಡಿ. ಒಪ್ಪಿಗೆಯಾಗದಿದ್ದರೆ ಖಾಲಿ ಇಲ್ಲವೆನ್ನದೆ ನಿಜವಾದ ಕಾರಣ ಹೇಳಿ. ಹರೆಯದವರೇ, ಎಂಟು ಜನ ಬರುವುದಾದರೆ ಎಂಟು ಎಂದೇ ಬುಕ್ ಮಾಡಿ. ನೀವು ಹೇಳುವ ಸುಳ್ಳಿಗೆ ನಿಮ್ಮ ನಂತರ ಬರುವವರು ರೂಮು ಕಳೆದುಕೊಳ್ಳುತ್ತಾರೆ. ಮತ್ತು ಒಮ್ಮೆ ಒಪ್ಪಿದ ಬುಕಿಂಗನ್ನು, ರಾತ್ರಿ ಬ್ಯಾಗು ಹಿಡಿದು ಗೇಟಿನ ಮುಂದೆ ನಿಂತವರ ಮುಖ ನೋಡಿ ರದ್ದು ಮಾಡುವ ಹಕ್ಕು ಯಾವ ಮಾಲೀಕರಿಗೂ ಇರಬಾರದು.